ಸೆಪ್ಟೆಂಬರ್ ಎಂಟು: ಮಾತೆ ಹುಟ್ಟಿದ ದಿನ

ಹೊಲಗಳಲ್ಲಿ ಮೆಕ್ಕೆಜೋಳದ ತೆನೆ ಬಲಿಯುವ ಹೊತ್ತಿಗೆ, ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಆರೋಗ್ಯಮಾತೆಯ ಮಹೋತ್ಸವಕ್ಕೆ ಜನ ಸೇರತೊಡಗುತ್ತಾರೆ. ಹೊಯ್ಸಳರ ಕಾಲದ ಹರಿಹರೇಶ್ವರ ದೇವಾಲಯದಿಂದ ಹೆಸರಾದ ಊರಿದು. ಇಲ್ಲಿನ ಆರೋಗ್ಯಮಾತೆಯ ಚರ್ಚಿಗೆ 2019ರಲ್ಲಿ ಪೋಪ್ ಫ್ರಾನ್ಸಿಸ್ ಕಿರು ಬಸಿಲಿಕಾದ ಪದವಿ ಕೊಟ್ಟರು. ಬೆಂಗಳೂರಿನ ಶಿವಾಜಿನಗರ ಮತ್ತು ಕಾರ್ಕಳದ ಅತ್ತೂರಿನ ಚರ್ಚುಗಳಿಗೆ ಈ ಗೌರವ ಅದಕ್ಕೂ ಮೊದಲೇ ಸಂದಿತ್ತು. ಕಾಯಿಲೆ ಕಸಾಲೆ ವಾಸಿಯಾಗಲೆಂದು ಹರಕೆ ಹೊತ್ತು ಬರುವವರಲ್ಲಿ ಕ್ರೈಸ್ತರಲ್ಲದವರೂ ಬಹಳ. ತಮಿಳು ಕರಾವಳಿಯ ವೇಳಾಂಗಣ್ಣಿಯಲ್ಲೂ ಮಾತೆಗೆ ಇದೇ ಹೆಸರು, ಹಬ್ಬಕ್ಕೆ ಇದೇ ದಿನ.

ಈ ಆರೋಗ್ಯಮಾತೆ ಯೇಸುವಿನ ತಾಯಿ ಮರಿಯಮ್ಮನವರೇ; ಸೆಪ್ಟೆಂಬರ್ 8 ಅವರ ಹುಟ್ಟುಹಬ್ಬ.

ಕ್ಯಾಥೊಲಿಕ್ ಪಂಚಾಂಗದಲ್ಲಿ ಇದು ಅಪರೂಪದ ಮಾತು. ಸಂತರನ್ನು ಸಾಮಾನ್ಯವಾಗಿ ಅವರು ತೀರಿಕೊಂಡ ದಿನ ನೆನೆಯುವುದು ವಾಡಿಕೆ. ಹುಟ್ಟಿದ ದಿನವನ್ನು ಆಚರಿಸುವುದು ಮೂವರಿಗೆ ಮಾತ್ರ: ಯೇಸು, ಸ್ನಾನಿಕ ಯೊವಾನ್ನ ಮತ್ತು ಮರಿಯ. ಬೈಬಲ್ಲಿನಲ್ಲಿ ಆಕೆಯ ಜನನದ ಕಥೆಯೇ ಇಲ್ಲ. ಮಕ್ಕಳಿಲ್ಲದೆ ಕೊರಗಿದ ತಂದೆ ಜೋಕಿಂ, ತಾಯಿ ಅನ್ನಾ ಇವರ ಕಥೆ ಬಂದಿರುವುದು ಎರಡನೇ ಶತಮಾನದ, ಬೈಬಲ್ಲಿಗೆ ಸೇರದ ಒಂದು ಬರಹದಿಂದ. ಹಬ್ಬ ಮೊದಲು ಬೇರೂರಿದ್ದು ಪೂರ್ವದ ಕ್ರೈಸ್ತರಲ್ಲಿ; ರೋಮಿಗೆ ಬಂದದ್ದು ಏಳನೇ ಶತಮಾನದಲ್ಲಿ. ಯೇಸುವಿನ ತಾಯಾಗುವೆ ಎಂಬ ದೇವದೂತನ ಸಂದೇಶ ಬರುವುದಕ್ಕೆ ಎಷ್ಟೋ ಮೊದಲು, ಒಂದು ಮನೆಯಲ್ಲಿ ಹುಟ್ಟಿದ ಹೆಣ್ಣು ಕೂಸನ್ನೇ ಕೊಂಡಾಡುವ ಹಬ್ಬ ಎಂಬುದರಲ್ಲಿ ಇದರ ದೊಡ್ಡತನವಿದೆ.

ಶಿವಾಜಿನಗರದ ಸಂತ ಮೇರಿ ಚರ್ಚಿನ ಈಗಿನ ಕಟ್ಟಡದ ಪ್ರತಿಷ್ಠೆಯೂ 1882ರ ಸೆಪ್ಟೆಂಬರ್ 8ರಂದೇ ಆಯಿತು. ಅಲ್ಲಿ ಆಗಸ್ಟ್ 29ರಂದು ಧ್ವಜ ಏರುತ್ತದೆ, ಮಾತೆಯ ಮೂರ್ತಿ ಸೀರೆ ಉಡುತ್ತದೆ, ಕಾವಿ ಬಟ್ಟೆ ತೊಟ್ಟ ಭಕ್ತರು ನವದಿನಗಳ ಪ್ರಾರ್ಥನೆಗೆ ಬರುತ್ತಾರೆ, ಕೊನೆಯ ಸಂಜೆ ತೇರು ಬೀದಿಗಿಳಿಯುತ್ತದೆ.

ಆದರೆ ಹಬ್ಬ ಅಡುಗೆಮನೆಯವರೆಗೂ ಬರುವುದನ್ನು ನೋಡಬೇಕಾದರೆ ಮಂಗಳೂರು, ಉಡುಪಿಯ ಕಡೆ ಹೋಗಬೇಕು. ಅಲ್ಲಿನ ಕೊಂಕಣಿ ಕ್ಯಾಥೊಲಿಕರಿಗೆ ಇದು ಮೊಂತಿ ಫೆಸ್ತ್, ಕನ್ನಡದಲ್ಲಿ ತೆನೆ ಹಬ್ಬ. ಒಂಬತ್ತು ದಿನ ಮಕ್ಕಳು ತಟ್ಟೆ, ಬುಟ್ಟಿಗಳಲ್ಲಿ ಹೂ ತಂದು ಬಾಲ ಮರಿಯಮ್ಮನ ಮೂರ್ತಿಗೆ ಎರಚುತ್ತಾರೆ. ಹಿತ್ತಲಿನ ದಾಸವಾಳ, ಡೇರೆ, ಕಾಡುಹೂ, ಏನು ಸಿಕ್ಕರೂ ಸರಿ. ಹಬ್ಬದ ಬೆಳಿಗ್ಗೆ ಗುರುಗಳು ಭತ್ತದ ತೆನೆಗಳನ್ನು ಆಶೀರ್ವದಿಸುತ್ತಾರೆ. ಬಲಿಪೂಜೆಯ ನಂತರ ಮನೆಗೊಂದಿಷ್ಟು ತೆನೆ, ಮಕ್ಕಳ ಕೈಗೆ ಕಬ್ಬು. ಮನೆಗೆ ಬಂದ ತೆನೆಯ ಕಾಳನ್ನು ಸುಲಿದು, ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಮೀನು ಮಾಂಸವಿಲ್ಲದೆ ಹಬ್ಬವೇ ಇಲ್ಲವೆನ್ನುವ ಸಮುದಾಯ ಅಂದು ಬಾಳೆಎಲೆಯ ಮೇಲೆ ತರಕಾರಿಯ ಊಟವನ್ನಷ್ಟೇ ಉಣ್ಣುತ್ತದೆ; ಪದಾರ್ಥಗಳು ಐದು, ಏಳು ಅಥವಾ ಒಂಬತ್ತು, ಬೆಸಸಂಖ್ಯೆಯಲ್ಲೇ ಇರಬೇಕು.

ದುಡಿಮೆಗೆಂದು ದೂರ ಹೋದ ಮಕ್ಕಳ ಪಾಲೂ ಇದರಲ್ಲಿದೆ. ಕೊಲ್ಲಿ ದೇಶಗಳಲ್ಲಿರುವವರಿಗೆ ಆಶೀರ್ವದಿಸಿದ ಭತ್ತದ ಕಾಳುಗಳನ್ನು ಲಕೋಟೆಯಲ್ಲಿಟ್ಟು ಕಳಿಸುವ ರೂಢಿ ಎಷ್ಟೋ ಮನೆಗಳಲ್ಲಿ ಇದೆ.