ಮೀಸಲು ಗಾರ್ಡನೂ ತಂಡದ ಆಟದ ಪದ್ಧತಿಯೂ

ಅಂತರ ಕಾಲೇಜು ಪಂದ್ಯಗಳಿಗಾಗಿ ಬಾಸ್ಕೆಟ್‌ಬಾಲ್ ತಂಡದ ಹನ್ನೆರಡು ಹೆಸರುಗಳನ್ನು ಬರೆಯುವ ಅಧ್ಯಾಪಕರು ಮೊದಲ ಐದು ಹೆಸರುಗಳನ್ನು ಕುರಿತು ಬಹಳ ಹೊತ್ತು ವಿಚಾರಮಾಡುವರು. ಉಳಿದ ಏಳನ್ನು ಬೇಗನೆ ತುಂಬಿಬಿಡುವರು. ಆ ಏಳರಲ್ಲಿ ಒಂದು ಹೆಸರಾದರೂ ಹೆಚ್ಚಿನ ವಿಚಾರಕ್ಕೆ ಅರ್ಹವಾದುದೆಂಬುದು ನಮ್ಮ ಅಭಿಪ್ರಾಯ. ಅದು ಎರಡನೆಯ ಪಾಯಿಂಟ್ ಗಾರ್ಡನ ಹೆಸರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂಥ ಊರುಗಳಲ್ಲಿ ಕಬಡ್ಡಿ, ಖೋಖೋಗಳನ್ನಾಡಿ ಬೆಳೆದು ಕಾಲೇಜಿಗೆ ಬಂದ ಮೇಲೆ ಈ ಆಟಕ್ಕೆ ಕೈಹಾಕುವ ವಿದ್ಯಾರ್ಥಿಗಳನ್ನೂ ಅವರನ್ನು ತಿದ್ದುವ ಅಧ್ಯಾಪಕರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸಲು ಹೊರಟಿದ್ದೇವೆ.

ಚೆಂಡನ್ನು ತನ್ನ ಅಂಗಳದಿಂದ ಎದುರಾಳಿಯ ಅಂಗಳಕ್ಕೆ ಒಯ್ದು, ಯಾವ ಕಡೆಯಿಂದ ದಾಳಿ ತೊಡಗಬೇಕೆಂಬುದನ್ನು ನಿಶ್ಚಯಿಸುವವನೇ ಪಾಯಿಂಟ್ ಗಾರ್ಡ್. ಅಂತರರಾಷ್ಟ್ರೀಯ ನಿಯಮದಂತೆ ತಂಡವು 8 ಸೆಕೆಂಡುಗಳೊಳಗೆ ನಡುಗೆರೆಯನ್ನು ದಾಟಬೇಕು. 24 ಸೆಕೆಂಡುಗಳೊಳಗೆ ಬುಟ್ಟಿಗೆ ಗುರಿಯಿಡಬೇಕು. ಇಷ್ಟು ಅಲ್ಪಕಾಲದಲ್ಲಿ ಉಳಿದ ನಾಲ್ವರು ಎಲ್ಲಿಗೆ ಓಡಬೇಕೆಂಬುದು ಆತನ ಒಂದು ಸನ್ನೆಯಿಂದ ತಿಳಿಯಬೇಕಾಗುತ್ತದೆ. ಐದನೆಯ ಫೌಲಿಗೆ ಆತ ಹೊರನಡೆದಾಗ ತಂಡವು ಒಬ್ಬ ಆಟಗಾರನನ್ನಷ್ಟೇ ಅಲ್ಲ, ಆ ಸನ್ನೆಯನ್ನೂ ಕಳೆದುಕೊಳ್ಳುತ್ತದೆ.

ನೇಸ್ಮಿತ್ 1891ರಲ್ಲಿ ಈ ಆಟವನ್ನು ರೂಪಿಸಿದ ಮೇಲೆ ಬಹುಕಾಲ ಬದಲಿ ಆಟಗಾರನಿಗೆ ವಿಶೇಷ ಸ್ಥಾನವಿರಲಿಲ್ಲ. ಒಮ್ಮೆ ಹೊರಹೋದವನು ಆ ಪಂದ್ಯದಲ್ಲಿ ಮತ್ತೆ ಆಡುವಂತಿರಲಿಲ್ಲ. ಅಮೆರಿಕದ ನಿಯಮಗಳು 1920ರ ಸುಮಾರಿಗೆ ಒಂದು ಸಲ, 1930ರ ದಶಕದಲ್ಲಿ ಎರಡು ಸಲ ಮರಳಿ ಬರಲು ಅವಕಾಶವಿತ್ತು, 1940ರ ದಶಕದಲ್ಲಿ ಈ ಕಟ್ಟನ್ನೇ ತೆಗೆದುಹಾಕಿದವು. ಅಂದಿನಿಂದ ಮೀಸಲು ಗಾರ್ಡನು ಆಪತ್ಕಾಲದ ನೆರವಿನವನಾಗಿ ಉಳಿಯದೆ ಪ್ರತಿ ಪಂದ್ಯದಲ್ಲಿಯೂ ಪಾಲುಳ್ಳವನಾದನು.

ಹಾಗಾದರೆ ಆತ ಪದ್ಧತಿಗೆ ಹೊಂದುವನೋ ಇಲ್ಲವೋ ಎಂಬುದನ್ನು ಅರಿಯುವ ಬಗೆ ಯಾವುದು? ಮೊದಲನೆಯವನಿಗಿಂತ ಈತ ಎಷ್ಟು ಕಡಿಮೆ ಎಂದು ಅಳೆಯುವುದು ರೂಢಿ. ಈ ಅಳತೆ ನಮಗೆ ಸರಿತೋರುವುದಿಲ್ಲ. ಪದ್ಧತಿಯು ಆ ಸ್ಥಾನದಿಂದ ಏನನ್ನು ಬೇಡುತ್ತದೆ ಎಂಬುದನ್ನು ಮೊದಲು ಕೇಳಬೇಕು.

ಜೆರೆಮಿ ಲಿನ್‌ನ ಉದಾಹರಣೆಯನ್ನು ನೋಡೋಣ. ಹಾರ್ವರ್ಡಿನಲ್ಲಿ ಓದಿದ ಈತನನ್ನು 2010ರ ಆಯ್ಕೆಯಲ್ಲಿ ಅಮೆರಿಕದ ವೃತ್ತಿ ತಂಡಗಳಲ್ಲಿ ಯಾವುದೂ ಆರಿಸಲಿಲ್ಲ. 2011ರ ಡಿಸೆಂಬರ್ ತಿಂಗಳೊಂದರಲ್ಲಿಯೇ ಎರಡು ತಂಡಗಳು ಈತನನ್ನು ಕೈಬಿಟ್ಟವು. ನ್ಯೂಯಾರ್ಕ್ ನಿಕ್ಸ್ ತಂಡದ ಬೆಂಚಿನಲ್ಲಿ ಕುಳಿತಿದ್ದ ಈತ 2012ರ ಫೆಬ್ರವರಿ 4ರಂದು ಅಂಗಳಕ್ಕಿಳಿದು 25 ಅಂಕ ಗಳಿಸಿದನು; ಆ ಪಂದ್ಯದಿಂದ ಮೊದಲ್ಗೊಂಡು ತಂಡವು ಸತತವಾಗಿ ಏಳು ಪಂದ್ಯಗಳನ್ನು ಗೆದ್ದಿತು. ಲಿನ್ ಒಂದೇ ರಾತ್ರಿಯಲ್ಲಿ ಹೊಸ ಆಟಗಾರನಾದನೆಂದು ಯಾರೂ ಹೇಳಲಾರರು. ತರಬೇತುದಾರ ಮೈಕ್ ಡಿ'ಆಂಟೋನಿಯ ಪದ್ಧತಿಯಲ್ಲಿ ಎತ್ತರದ ಜೊತೆಗಾರನೊಬ್ಬ ಎದುರಾಳಿಗೆ ಅಡ್ಡನಿಂತು ದಾರಿ ಬಿಡಿಸುವನು. ಗಾರ್ಡನು ಆ ಬಿರುಕಿನಲ್ಲಿ ನುಗ್ಗಿ, ತಾನೇ ಗುರಿಯಿಡಬೇಕೋ ಚೆಂಡನ್ನು ದಾಟಿಸಬೇಕೋ ಎಂಬುದನ್ನು ಕ್ಷಣದಲ್ಲಿ ತೀರ್ಮಾನಿಸುವನು. ಲಿನ್‌ನ ಸಾಮರ್ಥ್ಯವಿದ್ದುದು ಇಲ್ಲಿಯೇ. ದೋಷವೂ ಅಲ್ಲಿಯೇ ಇದ್ದಿತೆನ್ನಬೇಕು: ಫೆಬ್ರವರಿ 17ರಂದು ಗೆಲುವಿನ ಸಾಲು ಮುರಿದ ಪಂದ್ಯದಲ್ಲಿ ಆತ ಒಂಬತ್ತು ಸಲ ಚೆಂಡನ್ನು ಎದುರಾಳಿಗೆ ಬಿಟ್ಟುಕೊಟ್ಟನು. ಚೆಂಡು ಸದಾ ಒಬ್ಬನ ಕೈಯಲ್ಲಿರುವ ಪದ್ಧತಿಗೆ ಇದು ತಪ್ಪದ ತೆರಿಗೆ.

ಷಿಕಾಗೊ ಬುಲ್ಸ್ ತಂಡದ ಸ್ಟೀವ್ ಕೆರ್‌ನದು ಇದಕ್ಕೆ ತೀರ ವಿರುದ್ಧವಾದ ನಿದರ್ಶನ. ಈತನೂ ಬೆಂಚಿನಿಂದ ಬರುತ್ತಿದ್ದ ಗಾರ್ಡನೇ. ಆದರೆ ಫಿಲ್ ಜಾಕ್ಸನ್ ನಡೆಸಿದ ತ್ರಿಕೋನ ಪದ್ಧತಿಯಲ್ಲಿ ಗಾರ್ಡನು ಚೆಂಡನ್ನು ಹಿಡಿದಿಡಬೇಕಿರಲಿಲ್ಲ. ಬೇಗ ದಾಟಿಸಿ, ತೆರವಾದ ಜಾಗದಲ್ಲಿ ನಿಂತು, ಮರಳಿ ಬಂದಾಗ ತಪ್ಪದೆ ಎಸೆಯಬೇಕಿತ್ತು. 1997ರ ಅಂತಿಮ ಸರಣಿಯ ಆರನೆಯ ಪಂದ್ಯ 86-86ರಲ್ಲಿ ಸಮನಾಗಿ ನಿಂತಿದ್ದಾಗ ಜೋರ್ಡನ್ ದಾಟಿಸಿದ ಚೆಂಡನ್ನು ಬುಟ್ಟಿಗೆ ಹಾಕಿದವನು ಈತನೇ. ಲಿನ್‌ನ ಕೆಲಸವನ್ನು ಕೆರ್‌ಗೂ ಕೆರ್‌ನ ಕೆಲಸವನ್ನು ಲಿನ್‌ಗೂ ಒಪ್ಪಿಸಿದ್ದರೆ ಇಬ್ಬರೂ ಅಯೋಗ್ಯರೆನಿಸಿಕೊಳ್ಳುತ್ತಿದ್ದರೋ ಏನೋ!

ಮೂರನೆಯ ದಾರಿಯೊಂದುಂಟು, ಅದನ್ನು ತೋರಿಸಲು ನಮ್ಮವರಿಗೆ ಹೆಚ್ಚು ಪರಿಚಿತವಾದ ಕಬಡ್ಡಿಗೆ ಬರಬೇಕು. 2019ರ ಪ್ರೊ ಕಬಡ್ಡಿಯಲ್ಲಿ ಕರ್ನಾಟಕದ ಬಿ. ಸಿ. ರಮೇಶ್ ತರಬೇತಿ ನೀಡಿದ ಬೆಂಗಾಲ್ ವಾರಿಯರ್ಸ್ ತಂಡಕ್ಕೆ ಅಂತಿಮ ಪಂದ್ಯದಲ್ಲಿ ಪ್ರಮುಖ ದಾಳಿಗಾರನಾದ ನಾಯಕ ಮಣಿಂದರ್ ಸಿಂಗ್ ಗಾಯದ ನಿಮಿತ್ತ ಒದಗಲಿಲ್ಲ. ಆತನ ಹೊರೆಯೆಲ್ಲವನ್ನೂ ಒಬ್ಬನ ತಲೆಗೆ ಕಟ್ಟಲಿಲ್ಲ. ಇರಾನಿನ ನಬಿಬಕ್ಷ್ ನಾಯಕತ್ವವನ್ನು ವಹಿಸಿದನು. ದಾಳಿಯನ್ನು ಆತನೂ ಕನ್ನಡಿಗ ಸುಕೇಶ್ ಹೆಗ್ಡೆಯೂ ಇತರರೂ ಹಂಚಿಕೊಂಡರು. ದಬಂಗ್ ದೆಹಲಿಯ ಎದುರು 39-34ರಿಂದ ಗೆಲುವಾಯಿತು. ಇಲ್ಲಿ ಬದಲಿಯವನು ಪದ್ಧತಿಗೆ ಹೊಂದಿದನೆನ್ನುವುದಕ್ಕಿಂತ ಪದ್ಧತಿಯೇ ಇದ್ದವರಿಗೆ ಹೊಂದಿತೆನ್ನುವುದು ಲೇಸು.

ನಮ್ಮ ತಾಲೂಕು ಕಾಲೇಜುಗಳ ತೊಡಕು ಬೇರೆ ಬಗೆಯದು. ಅಭ್ಯಾಸದಲ್ಲಿ ಮೊದಲ ಐವರು ಒಂದು ಕಡೆ, ಉಳಿದವರು ಎದುರುಗಡೆ ನಿಲ್ಲುವುದು ವಾಡಿಕೆ. ಎರಡನೆಯ ಗಾರ್ಡನು ವರ್ಷವಿಡೀ ಮೊದಲಿನ ನಾಲ್ವರ ಎದುರಾಗಿ ಆಡುವನು. ಅವರೊಡನೆ ಎಂದೂ ಆಡನು. ಪಂದ್ಯದ ದಿನ ಅಕಸ್ಮಾತ್ತಾಗಿ ಅವರ ನಡುವೆ ನಿಂತು, ಮೂರು ಪಾಸುಗಳನ್ನು ತಪ್ಪಿದೊಡನೆ 'ಇವನಿಂದಾಗದು' ಎಂಬ ತೀರ್ಪಿಗೆ ಗುರಿಯಾಗುವನು. ಮರುವರ್ಷ ಆ ಹುಡುಗ ಮೈದಾನದ ಕಡೆ ಸುಳಿಯದಿದ್ದರೆ ಆಶ್ಚರ್ಯವೇನು? ಎರೆಹೊಲದ ರೈತನು ಈ ತಪ್ಪನ್ನು ಮಾಡಲಾರ. ಜೋಡಿಯಲ್ಲಿ ಒಂದು ಎತ್ತು ಕುಂಟಿದಾಗ ನೆರೆಯವರಿಂದ ತಂದ ಎತ್ತು ಎಷ್ಟೇ ಕಸುವುಳ್ಳದ್ದಾಗಿದ್ದರೂ ಮೊದಲ ದಿನ ನೊಗ ಒಂದೆಡೆಗೆ ಎಳೆಯುವುದೆಂಬುದು ಅವನಿಗೆ ಗೊತ್ತು. ಬಿತ್ತನೆಯ ದಿನವೇ ಹೊಸ ಎತ್ತನ್ನು ಹೂಡುವುದಿಲ್ಲ.

ಆದುದರಿಂದ ಪ್ರತಿದಿನದ ಅಭ್ಯಾಸದಲ್ಲಿ ಮೂರರಲ್ಲೊಂದು ಪಾಲು ಹೊತ್ತಾದರೂ ಎರಡನೆಯ ಗಾರ್ಡನನ್ನು ಮೊದಲಿನ ನಾಲ್ವರೊಡನೆ ನಿಲ್ಲಿಸಬೇಕೆಂದು ನಾವು ಸೂಚಿಸುತ್ತೇವೆ. ಹತ್ತು ಬಗೆಯ ದಾಳಿಗಳನ್ನು ಆತನಿಗೆ ಕಲಿಸಬೇಕಾಗಿಲ್ಲ. ಎರಡು ಸಾಕು, ಅವುಗಳ ಸನ್ನೆಗಳು ಮಾತ್ರ ಮೊದಲನೆಯವನವೇ ಆಗಿರಬೇಕು. ಚೆಂಡನ್ನು ಒಯ್ಯುವುದರಲ್ಲಿ ಆತ ಹಿಂದಾದರೆ ಆ ಭಾರವನ್ನು ಇನ್ನೊಬ್ಬ ಗಾರ್ಡನಿಗೆ ವಹಿಸಿ, ಈತನಿಂದ ಪಾಸನ್ನೂ ಗುರಿಯನ್ನೂ ಮಾತ್ರ ಪಡೆಯಬಹುದು. ಪರೀಕ್ಷೆಗಳು ಸಮೀಪಿಸಿ ಹತ್ತು ಮಂದಿ ಕೂಡದ ದಿನಗಳಲ್ಲಿಯೂ ಇದು ನಿಲ್ಲಬೇಕಾಗಿಲ್ಲ. ಐವರು ಹುಡುಗರು, ಅರ್ಧ ಅಂಗಳ, ಒಂದು ಬುಟ್ಟಿ ಇದ್ದರೆ ನಡೆಯುತ್ತದೆ.