ಮೂಳೆಯ ಸೋಂಕಿನ ಶಂಕೆ: ಎಕ್ಸ್‌ರೇ ಸಾಕೇ, ಎಂಆರ್‌ಐ ಬೇಕೇ?

ಟ್ರಸ್ಟ್‌ನ ವೈದ್ಯಕೀಯ ನೆರವು ಕೋರುವವರಲ್ಲಿ ಸಕ್ಕರೆ ಕಾಯಿಲೆಯಿಂದ ಪಾದದ ಗಾಯ ಮಾಯದವರೂ ಇರುತ್ತಾರೆ. ‘ಎಕ್ಸ್‌ರೇ ಸರಿಯಿದೆಯಲ್ಲ, ಎಂಆರ್‌ಐ ಯಾಕೆ?’ ಎಂದು ಮನೆಯವರು ಕೇಳುವುದು ಸಹಜ. ಖರ್ಚಿನ ವ್ಯತ್ಯಾಸ ಸಣ್ಣದಲ್ಲ. ಮೊದಲು ಎಕ್ಸ್‌ರೇ ತೆಗೆಸುವುದೇ ಸರಿ. ಆದರೆ ಸೋಂಕು ಮೂಳೆಗೆ ಇಳಿದ ಮೇಲೂ 10-14 ದಿನ ಅದರಲ್ಲಿ ಏನೂ ಕಾಣದಿರಬಹುದು. ಎಂಆರ್‌ಐನಲ್ಲಿ ಮೂಳೆಮಜ್ಜೆಯ ಊತ ಕೆಲವೇ ದಿನಗಳಲ್ಲಿ ಕಾಣುತ್ತದೆ; ಕೀವು ಎಲ್ಲಿಯವರೆಗೆ ಹರಡಿದೆ ಎಂಬುದೂ ತಿಳಿಯುತ್ತದೆ. ಆಗಲೇ ಚಿಕಿತ್ಸೆ ಸಿಕ್ಕರೆ ಬೆರಳೋ ಪಾದವೋ ಉಳಿಯಬಹುದು. ಆದ್ದರಿಂದ ಗಾಯದೊಳಗೆ ಮೂಳೆ ತಾಕುತ್ತಿದೆ ಎಂದು ವೈದ್ಯರು ಹೇಳಿದರೆ ಎಕ್ಸ್‌ರೇ ನಂಬಿ ಕಾಯಬೇಡಿ. ಪೇಸ್‌ಮೇಕರ್ ಇದ್ದವರು ಮೊದಲೇ ತಿಳಿಸಬೇಕು. ಅಂಥವರಿಗೆ ಸಿಟಿ ಅಥವಾ ನ್ಯೂಕ್ಲಿಯರ್ ಸ್ಕ್ಯಾನ್ ಬೇಕಾದೀತು. ನೆರವಿನ ಅರ್ಜಿಯೊಂದಿಗೆ ವೈದ್ಯರ ಚೀಟಿ, ಹಳೆಯ ಎಕ್ಸ್‌ರೇ ಎರಡನ್ನೂ ತನ್ನಿ.