ಜರ್ಮನಿಯ ಕ್ರಿಸ್ಮಸ್ ಮಾರುಕಟ್ಟೆಗಳು

ಕ್ರಿಸ್ಮಸ್ ಮಾರುಕಟ್ಟೆ ಎಂದರೆ ಕ್ರಿಸ್ಮಸ್ ಹಬ್ಬಕ್ಕೆ ಮುಂಚಿನ ಸುಮಾರು ನಾಲ್ಕು ವಾರಗಳ ಕಾಲ ಊರಿನ ಪ್ರಮುಖ ಚೌಕದಲ್ಲಿ, ತೆರೆದ ಬಯಲಿನಲ್ಲಿ ನಡೆಯುವ ಸಂತೆ. ಜರ್ಮನ್ ಭಾಷೆಯನ್ನಾಡುವ ಪ್ರದೇಶಗಳಲ್ಲಿ ಮಧ್ಯಯುಗದ ಕೊನೆಯ ಭಾಗದಲ್ಲಿ ರೂಪುಗೊಂಡ ಈ ಸಂಪ್ರದಾಯವು ಇಂದು ಯುರೋಪಿನ ಇತರ ದೇಶಗಳಿಗೂ ಉತ್ತರ ಅಮೆರಿಕಕ್ಕೂ ಹರಡಿದೆ. ಸಾಮಾನ್ಯವಾಗಿ ಈ ಸಂತೆಗಳಿಗೆ ಪ್ರವೇಶ ಶುಲ್ಕವಿರುವುದಿಲ್ಲ. ಯಾರ ಆಹ್ವಾನವೂ ಬೇಕಾಗುವುದಿಲ್ಲ. ಜರ್ಮನಿಯಲ್ಲಿ ಕ್ರಿಸ್ಮಸ್ ಹಬ್ಬವು ಮನೆಯೊಳಗೆ, ಕುಟುಂಬದವರ ನಡುವೆ ಆಚರಿಸಲ್ಪಡುವುದರಿಂದ, ಆ ದೇಶಕ್ಕೆ ಹೊಸದಾಗಿ ಬಂದವರಿಗೆ ಹಬ್ಬದ ಪರಿಚಯವಾಗುವುದು ಬಹುಮಟ್ಟಿಗೆ ಈ ಮಾರುಕಟ್ಟೆಗಳ ಮೂಲಕವೇ.

ಹೆಸರು ಮತ್ತು ಅವಧಿ

ಈ ಸಂತೆಯನ್ನು ಜರ್ಮನ್ ಭಾಷೆಯಲ್ಲಿ ಸಾಮಾನ್ಯವಾಗಿ ವೈನಾಖ್ಟ್ಸ್‌ಮಾರ್ಕ್ಟ್ ಎನ್ನುತ್ತಾರೆ. ದಕ್ಷಿಣ ಜರ್ಮನಿಯ ಹಲವೆಡೆ ಇದಕ್ಕೆ ಕ್ರಿಸ್ಟ್‌ಕಿಂಡ್ಲ್‌ಮಾರ್ಕ್ಟ್, ಅಂದರೆ ಕ್ರಿಸ್ತಶಿಶುವಿನ ಸಂತೆ ಎಂಬ ಹೆಸರಿದೆ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನೊಳಗೊಂಡ ಕಾಲವನ್ನು ಅಡ್ವೆಂಟ್ ಅಥವಾ ಆಗಮನ ಕಾಲ ಎಂದು ಕರೆಯಲಾಗುತ್ತದೆ. ಹೆಚ್ಚಿನ ಮಾರುಕಟ್ಟೆಗಳು ಮೊದಲನೆಯ ಅಡ್ವೆಂಟ್ ಭಾನುವಾರದ ಆಸುಪಾಸಿನಲ್ಲಿ ಆರಂಭವಾಗಿ ಡಿಸೆಂಬರ್ 23 ಅಥವಾ 24ರಂದು ಮುಗಿಯುತ್ತವೆ. ಅಡ್ವೆಂಟ್‌ಗೆ ಹಿಂದಿನ ಭಾನುವಾರವು ಪ್ರೊಟೆಸ್ಟೆಂಟರಲ್ಲಿ ಮೃತರ ಸ್ಮರಣೆಯ ದಿನ. ಆದ್ದರಿಂದ ಆ ದಿನಕ್ಕೆ ಮೊದಲೇ ಆರಂಭವಾದ ಅನೇಕ ಮಾರುಕಟ್ಟೆಗಳು ಅಂದು ಮುಚ್ಚಿರುತ್ತವೆ.

ಇತಿಹಾಸ

ಆರಂಭದಲ್ಲಿ ಇವು ಹಬ್ಬದ ಮನರಂಜನೆಗಾಗಿ ನಡೆದ ಸಂತೆಗಳಾಗಿರಲಿಲ್ಲ. ಚಳಿಗಾಲಕ್ಕೆ ಮಾಂಸ ಮತ್ತು ದಿನಬಳಕೆಯ ಸಾಮಗ್ರಿಗಳನ್ನು ಕೊಂಡಿಟ್ಟುಕೊಳ್ಳುವುದು ಅವುಗಳ ಉದ್ದೇಶವಾಗಿತ್ತು. ಪೂರ್ವ ಜರ್ಮನಿಯ ಬೌಟ್ಸೆನ್ ಪಟ್ಟಣದಲ್ಲಿ ಕ್ರಿಸ್ಮಸ್‌ವರೆಗೆ ಮಾಂಸದ ಸಂತೆ ನಡೆಸಲು 1384ರಲ್ಲಿ ರಾಜನ ಅನುಮತಿ ದೊರೆಯಿತು. ಫ್ರಾಂಕ್‌ಫರ್ಟ್‌ನ ಮಾರುಕಟ್ಟೆಯ ಉಲ್ಲೇಖ 1393ರಲ್ಲಿ ಕಂಡುಬರುತ್ತದೆ. ಡ್ರೆಸ್ಡೆನ್‌ನಲ್ಲಿ 1434ರಲ್ಲಿ ಒಂದು ದಿನದ ಮಾಂಸದ ಸಂತೆಗೆ ಅಪ್ಪಣೆಯಾಯಿತು. ಅಡ್ವೆಂಟ್‌ನ ಉಪವಾಸ ಮುಗಿದ ಮೇಲೆ ಹಬ್ಬದೂಟಕ್ಕೆ ಬೇಕಾದ ಮಾಂಸವನ್ನು ಜನರು ಅಲ್ಲಿ ಕೊಳ್ಳುತ್ತಿದ್ದರು. ಆ ಸಂತೆಯೇ ಇಂದಿನ ಸ್ಟ್ರೀಟ್ಸೆಲ್‌ಮಾರ್ಕ್ಟ್. ಒಣಹಣ್ಣುಗಳನ್ನು ಹಾಕಿ ಮಾಡುವ ಸ್ಟೋಲ್ಲೆನ್ ಎಂಬ ಬ್ರೆಡ್ಡಿಗೆ ಹಿಂದೆ ಇದ್ದ ಸ್ಟ್ರೀಟ್ಸೆಲ್ ಎಂಬ ಹೆಸರಿನಿಂದ ಈ ಮಾರುಕಟ್ಟೆಯ ಹೆಸರು ಬಂದಿದೆ.

ಹದಿನಾರನೆಯ ಶತಮಾನದ ಧಾರ್ಮಿಕ ಸುಧಾರಣೆಯ ಬಳಿಕ ಪ್ರೊಟೆಸ್ಟೆಂಟ್ ಪ್ರದೇಶಗಳಲ್ಲಿ ಮಕ್ಕಳಿಗೆ ಉಡುಗೊರೆ ನೀಡುವ ಪದ್ಧತಿಯು ಸಂತ ನಿಕೋಲಸ್‌ನ ದಿನವಾದ ಡಿಸೆಂಬರ್ 6ರಿಂದ ಕ್ರಿಸ್ಮಸ್‌ಗೆ ಸರಿಯತೊಡಗಿತು. ಉಡುಗೊರೆ ತರುವವನು ಸಂತನಲ್ಲ, ಕ್ರಿಸ್ತಶಿಶು ಎಂಬ ಕಲ್ಪನೆ ಬೆಳೆಯಿತು. ಇದರೊಂದಿಗೆ ಆಟಿಕೆ, ಸಿಹಿತಿಂಡಿ ಮತ್ತು ಅಲಂಕಾರದ ವಸ್ತುಗಳು ಸಂತೆಯಲ್ಲಿ ಮುಖ್ಯವಾದವು. ನ್ಯೂರೆಂಬರ್ಗ್ ಮಾರುಕಟ್ಟೆಯ ಅತ್ಯಂತ ಹಳೆಯ ಪುರಾವೆಯೂ ಒಂದು ಉಡುಗೊರೆಯೇ: 1628ರ ಬರಹವಿರುವ, ಹೂವಿನ ಚಿತ್ರಗಳ ಮರದ ಪೆಟ್ಟಿಗೆ. ಅದನ್ನು ಅಲ್ಲಿನ ಜರ್ಮನಿಕ್ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ದೊಡ್ಡ ಅಂಗಡಿಗಳ ಪೈಪೋಟಿಯಿಂದಾಗಿ ಈ ಸಂತೆಗಳ ಮಹತ್ವ ಕುಗ್ಗಿತು. ಬರ್ಲಿನ್‌ನಲ್ಲಿ 1890ರ ದಶಕದಲ್ಲಿ ಮಾರುಕಟ್ಟೆಯನ್ನು ನಗರದ ಮಧ್ಯಭಾಗದಿಂದ ತೆರವುಗೊಳಿಸಲಾಯಿತು. 1933ರಲ್ಲಿ ನಾಜಿ ಆಡಳಿತವು ನ್ಯೂರೆಂಬರ್ಗ್ ಮಾರುಕಟ್ಟೆಯನ್ನು ಮತ್ತೆ ಮುಖ್ಯ ಚೌಕಕ್ಕೆ ತಂದು ತನ್ನ ರಾಷ್ಟ್ರೀಯವಾದಿ ಪ್ರಚಾರಕ್ಕೆ ಬಳಸಿಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಆ ನಗರದ ಹಳೆಯ ಭಾಗವು ಬಹುತೇಕ ನಾಶವಾಯಿತು. 1948ರಲ್ಲಿ ಅವಶೇಷಗಳ ನಡುವೆಯೇ ಮಾರುಕಟ್ಟೆ ಪುನರಾರಂಭವಾಯಿತು. ಕೋವಿಡ್ ಸಾಂಕ್ರಾಮಿಕದ ಕಾರಣ 2020ರಲ್ಲಿ ದೇಶದ ಬಹುತೇಕ ಎಲ್ಲ ಮಾರುಕಟ್ಟೆಗಳೂ ರದ್ದಾದವು.

ತಿನಿಸು ಮತ್ತು ಪಾನೀಯ

ಮಾರುಕಟ್ಟೆಯ ಮುಖ್ಯ ಪಾನೀಯ ಗ್ಲೂವೈನ್. ಕೆಂಪು ದ್ರಾಕ್ಷಾರಸದ ಮದ್ಯಕ್ಕೆ ಚಕ್ಕೆ, ಲವಂಗ, ಕಿತ್ತಳೆ ಸಿಪ್ಪೆ ಮತ್ತು ಸಕ್ಕರೆ ಸೇರಿಸಿ, ಕುದಿಯದಂತೆ ಬಿಸಿ ಮಾಡಿ ಇದನ್ನು ತಯಾರಿಸುತ್ತಾರೆ. ಮದ್ಯಸಾರವಿಲ್ಲದ, ಹಣ್ಣಿನ ರಸದಿಂದ ಮಾಡಿದ ಬಿಸಿ ಪಾನೀಯಕ್ಕೆ ಕಿಂಡರ್‌ಪುನ್ಶ್ ಎಂದು ಹೆಸರು. ಹೆಸರಿನ ಅರ್ಥ ಮಕ್ಕಳ ಪಾನೀಯ ಎಂದಿದ್ದರೂ ಮದ್ಯ ಸೇವಿಸದ ವಯಸ್ಕರೂ ಇದನ್ನೇ ಕೇಳಿ ಪಡೆಯುತ್ತಾರೆ. ಪಾನೀಯವನ್ನು ಪಿಂಗಾಣಿ ಅಥವಾ ಗಾಜಿನ ಲೋಟದಲ್ಲಿ ಕೊಡುವುದರಿಂದ ಬೆಲೆಯ ಜೊತೆಗೆ ಕೆಲವು ಯೂರೋಗಳ ಠೇವಣಿ ತೆಗೆದುಕೊಳ್ಳುತ್ತಾರೆ. ಲೋಟವನ್ನು ಹಿಂದಿರುಗಿಸಿದರೆ ಠೇವಣಿ ಮರಳಿ ದೊರೆಯುತ್ತದೆ. ಲೋಟದ ಮೇಲೆ ಊರಿನ ಚಿತ್ರವೂ ಹಲವು ಬಾರಿ ಆ ವರ್ಷದ ಇಸವಿಯೂ ಇರುವುದರಿಂದ, ಠೇವಣಿಯನ್ನು ಬಿಟ್ಟು ಲೋಟವನ್ನೇ ನೆನಪಿಗಾಗಿ ಒಯ್ಯುವವರೂ ಇದ್ದಾರೆ.

ಲೇಬ್‌ಕೂಖೆನ್ ಎಂಬುದು ಸಂಬಾರ ಪದಾರ್ಥಗಳನ್ನು ಬೆರೆಸಿ ಬೇಯಿಸಿದ ಸಿಹಿ ತಿನಿಸು. ನ್ಯೂರೆಂಬರ್ಗ್‌ನ ಲೇಬ್‌ಕೂಖೆನ್‌ಗೆ 1996ರಿಂದ ಯುರೋಪಿಯನ್ ಒಕ್ಕೂಟದ ಭೌಗೋಳಿಕ ಸೂಚಕ ರಕ್ಷಣೆ ಇದೆ. ಅದರ ಉತ್ತಮ ಬಗೆಯಾದ ಎಲೀಸೆನ್ ಲೇಬ್‌ಕೂಖೆನ್‌ನಲ್ಲಿ ಕನಿಷ್ಠ 25 ಶೇಕಡಾ ಬಾದಾಮಿ, ಅಕ್ರೋಟು ಮುಂತಾದ ಬೀಜಗಳಿರಬೇಕು. ಹಿಟ್ಟು 10 ಶೇಕಡಾ ಮೀರಬಾರದು. ಈ ನಗರವು ಹಿಂದೆ ಸಂಬಾರ ವ್ಯಾಪಾರದ ದೊಡ್ಡ ಕೇಂದ್ರವಾಗಿತ್ತು. ಸುತ್ತಲಿನ ಕಾಡುಗಳಿಂದ ಜೇನು ಹೇರಳವಾಗಿ ದೊರೆಯುತ್ತಿತ್ತು. ಪೂರ್ವ ಜರ್ಮನಿಯಲ್ಲಿ ಇದೇ ಬಗೆಯ ತಿನಿಸನ್ನು ಪ್ಫೆಫರ್‌ಕೂಖೆನ್, ಅಂದರೆ ಮೆಣಸಿನ ಕೇಕು ಎನ್ನುತ್ತಾರೆ. ದೂರದೇಶದಿಂದ ಬಂದ ಎಲ್ಲ ಸಂಬಾರಗಳಿಗೂ ಹಿಂದೆ ಮೆಣಸು ಎಂಬ ಹೆಸರೇ ಸಲ್ಲುತ್ತಿತ್ತು. ಭಾರತದ ಪಶ್ಚಿಮ ಕರಾವಳಿಯ ಕಾಳುಮೆಣಸು ವೆನಿಸ್‌ನ ವರ್ತಕರ ಮೂಲಕ ಈ ನಗರಗಳನ್ನು ತಲುಪುತ್ತಿತ್ತು. ಹೀಗಾಗಿ ಕನ್ನಡಿಗರು ಈ ಸಂತೆಯಲ್ಲಿ ಗುರುತಿಸುವ ಪರಿಮಳಗಳಲ್ಲಿ ಬಹುಪಾಲು ಏಷ್ಯಾದಿಂದ ಹೋದವೇ ಆಗಿವೆ.

ಮಾಂಸಾಹಾರದಲ್ಲಿ ಕೆಂಡದ ಮೇಲೆ ಸುಟ್ಟ ಸಾಸೇಜುಗಳು ಪ್ರಸಿದ್ಧ. ನ್ಯೂರೆಂಬರ್ಗ್‌ನಲ್ಲಿ ಬೆರಳುದ್ದದ ಮೂರು ಸಾಸೇಜುಗಳನ್ನು ಒಂದು ಬನ್ನಿನಲ್ಲಿಟ್ಟು ಕೊಡುತ್ತಾರೆ. ಸಸ್ಯಾಹಾರಿಗಳಿಗೆ ಸುಟ್ಟ ಚೆಸ್ಟ್‌ನಟ್, ಸಕ್ಕರೆ ಪಾಕದ ಬಾದಾಮಿ ಮತ್ತು ಸೇಬಿನ ಗೊಜ್ಜಿನೊಡನೆ ಕೊಡುವ ಆಲೂಗಡ್ಡೆ ದೋಸೆ ದೊರೆಯುತ್ತವೆ. ಆದರೆ ಆಲೂಗಡ್ಡೆ ದೋಸೆಗೂ ಲೇಬ್‌ಕೂಖೆನ್‌ಗೂ ಸಾಮಾನ್ಯವಾಗಿ ಮೊಟ್ಟೆ ಹಾಕುವುದರಿಂದ, ಮೊಟ್ಟೆ ತಿನ್ನದವರು ವಿಚಾರಿಸಿ ಕೊಳ್ಳಬೇಕಾಗುತ್ತದೆ.

ಕರಕುಶಲ ವಸ್ತುಗಳು

ಜೆಕ್ ಗಡಿಯಲ್ಲಿರುವ ಎರ್ಟ್ಸ್‌ಗೆಬಿರ್ಗೆ ಪರ್ವತ ಪ್ರದೇಶದಲ್ಲಿ ಗಣಿಗಾರಿಕೆ ಕುಸಿದಾಗ ಅಲ್ಲಿನ ಕುಟುಂಬಗಳು ಮರಗೆತ್ತನೆಯನ್ನು ಜೀವನೋಪಾಯವಾಗಿ ಹಿಡಿದವು. ಬಾಯಿಯಿಂದ ಹೊಗೆ ಬಿಡುವ ಧೂಪದ ಗೊಂಬೆ, ಅಕ್ರೋಟು ಒಡೆಯುವ ಸೈನಿಕ ಗೊಂಬೆ, ಮೇಣದಬತ್ತಿಯ ಶಾಖದಿಂದ ತಿರುಗುವ ಗೋಪುರ ಮತ್ತು ಕಿಟಕಿಯಲ್ಲಿಡುವ ಕಮಾನಿನಾಕಾರದ ದೀಪ ಅಲ್ಲಿನ ಪ್ರಸಿದ್ಧ ವಸ್ತುಗಳು. ಥುರಿಂಗಿಯಾದ ಲೌಷಾ ಊರು ಗಾಜಿನ ಗುಂಡುಗಳಿಗೆ ಹೆಸರಾಗಿದೆ. ಹೆರ್ನ್‌ಹುಟ್ ನಕ್ಷತ್ರವೆಂಬ ಬಹುಮುಖದ ಕಾಗದದ ನಕ್ಷತ್ರವು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೊರೇವಿಯನ್ ಪಂಥದ ವಸತಿ ಶಾಲೆಯೊಂದರಲ್ಲಿ ರೇಖಾಗಣಿತದ ಪಾಠವಾಗಿ ಹುಟ್ಟಿತು. ಕರಾವಳಿ ಕರ್ನಾಟಕದ ಕ್ರೈಸ್ತರಿಗೆ ಗೋದಲಿ ಎಂದು ಪರಿಚಿತವಾದ ಯೇಸುಜನನದ ದೃಶ್ಯದ ಬೊಂಬೆಗಳೂ ಇಲ್ಲಿ ಮಾರಾಟವಾಗುತ್ತವೆ.

ಹೊಸದಾಗಿ ಬಂದವರು ಮತ್ತು ಮಾರುಕಟ್ಟೆ

ಉಷ್ಣವಲಯದ ದೇಶಗಳಿಂದ ಜರ್ಮನಿಗೆ ಬಂದವರಿಗೆ ಮೊದಲ ಚಳಿಗಾಲದಲ್ಲಿ ಚಳಿಯಷ್ಟೇ ಕತ್ತಲೆಯೂ ಕಷ್ಟವೆನಿಸುತ್ತದೆ. ಡಿಸೆಂಬರ್ ಕೊನೆಯ ಭಾಗದಲ್ಲಿ ಬರ್ಲಿನ್‌ನಲ್ಲಿ ಸೂರ್ಯ ಬೆಳಿಗ್ಗೆ ಸುಮಾರು 8.15ಕ್ಕೆ ಹುಟ್ಟಿ ಸಂಜೆ 4 ಗಂಟೆಗೆ ಮುಳುಗುತ್ತಾನೆ. ಅದೇ ಸಮಯದಲ್ಲಿ ಬೆಂಗಳೂರಿನಲ್ಲಿ 11 ಗಂಟೆಗೂ ಹೆಚ್ಚು ಹಗಲಿರುತ್ತದೆ. ಭಾನುವಾರಗಳಂದು ಅಂಗಡಿಗಳು ಮುಚ್ಚಿರುತ್ತವೆ. ಜನರು ಮನೆಯೊಳಗೇ ಉಳಿಯುತ್ತಾರೆ. ಇಂತಹ ಕಾಲದಲ್ಲಿ ಊರಿನವರೆಲ್ಲ ಹೊರಗೆ ಬಂದು ನಿಲ್ಲುವ ಸ್ಥಳ ಕ್ರಿಸ್ಮಸ್ ಮಾರುಕಟ್ಟೆ. 2022–23ರಿಂದ ಜರ್ಮನಿಯಲ್ಲಿರುವ ವಿದೇಶಿ ವಿದ್ಯಾರ್ಥಿಗಳಲ್ಲಿ ಭಾರತೀಯರದೇ ಅತಿ ದೊಡ್ಡ ಗುಂಪು. ಅವರಲ್ಲಿ ಕನ್ನಡಿಗರೂ ಇದ್ದಾರೆ.

ಮಾರುಕಟ್ಟೆಗಳಲ್ಲಿ ಕುರ್ಚಿಗಳು ವಿರಳ. ಎತ್ತರದ ಮೇಜುಗಳ ಸುತ್ತ ನಿಂತು ಕುಡಿಯುವುದು, ತಿನ್ನುವುದು ವಾಡಿಕೆ. ಇಲ್ಲಿ ಜಾಗವಿದೆಯೇ ಎಂದು ಕೇಳಿ ಅಪರಿಚಿತರ ಮೇಜಿಗೆ ಸೇರಿಕೊಳ್ಳುವುದು ಅಸಭ್ಯವಲ್ಲ. ಬೇರೆ ಸಮಯದಲ್ಲಿ ಮಿತಭಾಷಿಗಳಾಗಿರುವ ಸಹೋದ್ಯೋಗಿಗಳೂ ನೆರೆಯವರೂ ಇಲ್ಲಿ ಸುಲಭವಾಗಿ ಮಾತಿಗೆ ಸಿಗುತ್ತಾರೆ. ಲೋಟಗಳನ್ನು ತಾಗಿಸುವಾಗ ಎದುರಿನವರ ಕಣ್ಣನ್ನು ನೋಡುವುದು ಶಿಷ್ಟಾಚಾರ.

ಗಂಟೆಗಟ್ಟಲೆ ಕಲ್ಲುಹಾಸಿನ ಮೇಲೆ ನಿಲ್ಲಬೇಕಾಗುವುದರಿಂದ ಚಳಿ ಮೊದಲು ಪಾದಗಳನ್ನು ಹಿಡಿಯುತ್ತದೆ. ದಪ್ಪ ಅಡಿಯಿರುವ ಬೂಟು, ಉಣ್ಣೆಯ ಕಾಲುಚೀಲ ಮತ್ತು ಒಂದರ ಮೇಲೊಂದು ಧರಿಸಿದ ಹಲವು ಪದರಗಳ ಬಟ್ಟೆ ಒಂದೇ ಭಾರಿ ಕೋಟಿಗಿಂತ ಹೆಚ್ಚು ಉಪಯುಕ್ತ. ಮದ್ಯವು ಮೈ ಬೆಚ್ಚಗಾದ ಭಾವನೆ ಕೊಟ್ಟರೂ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ದೇಹದ ಶಾಖವು ಬೇಗನೆ ಹೊರಹೋಗುವಂತೆ ಮಾಡುತ್ತದೆ. ಹಲವು ಮಳಿಗೆಗಳಲ್ಲಿ ನಗದು ಹಣವನ್ನು ಮಾತ್ರ ಸ್ವೀಕರಿಸುತ್ತಾರೆ. ವಾರಾಂತ್ಯದ ಸಂಜೆಗಳಿಗಿಂತ ವಾರದ ದಿನಗಳಲ್ಲಿ ಜನಸಂದಣಿ ಕಡಿಮೆ.

ನ್ಯೂರೆಂಬರ್ಗ್‌ನ ಕ್ರಿಸ್ಟ್‌ಕಿಂಡ್

ನ್ಯೂರೆಂಬರ್ಗ್ ಮಾರುಕಟ್ಟೆಯನ್ನು ಮೊದಲ ಅಡ್ವೆಂಟ್ ಭಾನುವಾರಕ್ಕೆ ಹಿಂದಿನ ಶುಕ್ರವಾರ ಸಂಜೆ 5.30ಕ್ಕೆ ಕ್ರಿಸ್ಟ್‌ಕಿಂಡ್ ಪಾತ್ರಧಾರಿಣಿಯು ಚರ್ಚಿನ ಮೇಲ್ಮೊಗಸಾಲೆಯಿಂದ ಉದ್ಘಾಟಿಸುತ್ತಾಳೆ. ಚಿನ್ನದ ಬಣ್ಣದ ಗುಂಗುರು ಕೂದಲು ಮತ್ತು ಕಿರೀಟ ಆಕೆಯ ವೇಷ. 1969ರಿಂದ ಈ ಪಾತ್ರಕ್ಕೆ ಎರಡು ವರ್ಷಗಳಿಗೊಮ್ಮೆ ನಗರದ ಯುವತಿಯೊಬ್ಬಳನ್ನು ಆಯ್ಕೆ ಮಾಡಲಾಗುತ್ತದೆ. ಅಭ್ಯರ್ಥಿಯು 16ರಿಂದ 19 ವರ್ಷದೊಳಗಿನವಳಾಗಿರಬೇಕು. ಎತ್ತರದಲ್ಲಿ ನಿಂತರೆ ತಲೆಸುತ್ತು ಬರುವಂತಿರಬಾರದು.

2019ರಲ್ಲಿ ಆಯ್ಕೆಯಾದ ಬೆನಿಗ್ನಾ ಮುನ್ಸಿಯವರ ತಂದೆ ಭಾರತ ಮೂಲದವರು. ಬಲಪಂಥೀಯ ಪಕ್ಷವೊಂದರ ಸ್ಥಳೀಯ ಘಟಕವು ಸಾಮಾಜಿಕ ಜಾಲತಾಣದಲ್ಲಿ ಈ ಆಯ್ಕೆಯನ್ನು ಹೀಗಳೆದು ಬರೆಯಿತು. ಇದಕ್ಕೆ ದೇಶದಾದ್ಯಂತ ಖಂಡನೆ ವ್ಯಕ್ತವಾಗಿ ಆ ಬರಹವನ್ನು ಅಳಿಸಬೇಕಾಯಿತು. ಮುನ್ಸಿಯವರು ನಿಗದಿಯಾದಂತೆ ಮಾರುಕಟ್ಟೆಯನ್ನು ಉದ್ಘಾಟಿಸಿದರು. ಹಬ್ಬದ ಮುಖ ಯಾರದಾಗಿರಬಹುದು ಎಂಬ ಪ್ರಶ್ನೆಯನ್ನು ಈ ಪ್ರಸಂಗವು ಸಾರ್ವಜನಿಕ ಚರ್ಚೆಗೆ ತಂದಿತು.

ದಾಳಿಗಳು ಮತ್ತು ಭದ್ರತೆ

2016ರ ಡಿಸೆಂಬರ್ 19ರಂದು ಬರ್ಲಿನ್‌ನ ಬ್ರೈಟ್‌ಶೈಡ್ ಚೌಕದ ಮಾರುಕಟ್ಟೆಗೆ ಲಾರಿಯನ್ನು ನುಗ್ಗಿಸಿ ನಡೆಸಿದ ದಾಳಿಯಲ್ಲಿ 12 ಮಂದಿ ಸತ್ತರು. ಗಾಯಗೊಂಡಿದ್ದ ಇನ್ನೊಬ್ಬರು 2021ರಲ್ಲಿ ತೀರಿಕೊಂಡರು. ಸ್ಮಾರಕವಾಗಿ ಅಲ್ಲಿನ ನೆಲದಲ್ಲಿ ಬಂಗಾರದ ಬಣ್ಣದ ಬಿರುಕೊಂದನ್ನು ಮೂಡಿಸಿ, ಮೆಟ್ಟಿಲುಗಳ ಮೇಲೆ ಮೃತರ ಹೆಸರುಗಳನ್ನು ಕೆತ್ತಲಾಗಿದೆ. 2024ರ ಡಿಸೆಂಬರ್ 20ರಂದು ಮಾಗ್ಡೆಬರ್ಗ್‌ನಲ್ಲಿ ಕಾರು ನುಗ್ಗಿಸಿ ನಡೆಸಿದ ದಾಳಿಯಲ್ಲಿ 6 ಮಂದಿ ಸತ್ತು ಸುಮಾರು 300 ಮಂದಿ ಗಾಯಗೊಂಡರು. ಗಾಯಾಳುಗಳಲ್ಲಿ 7 ಮಂದಿ ಭಾರತೀಯರಿದ್ದರು. ಎರಡೂ ದಾಳಿಗಳನ್ನು ನಡೆಸಿದವರು ಹೊರದೇಶದಿಂದ ಬಂದವರಾಗಿದ್ದುದರಿಂದ ವಲಸೆಯ ಕುರಿತ ವಿವಾದ ತೀವ್ರಗೊಂಡಿತು. ಹೀಗೆ ಹೊಸದಾಗಿ ಬಂದವರು ಒಂದೇ ಘಟನೆಯಲ್ಲಿ ಬಲಿಪಶುಗಳೂ ಸಂಶಯಕ್ಕೆ ಗುರಿಯಾದವರೂ ಆದರು.

ಇಂದು ಮಾರುಕಟ್ಟೆಗಳ ಸುತ್ತ ಕಾಂಕ್ರೀಟ್ ದಿಮ್ಮಿಗಳು ಮತ್ತು ಉಕ್ಕಿನ ಕಂಬಗಳನ್ನು ನಿಲ್ಲಿಸುವುದು ಸಾಮಾನ್ಯವಾಗಿದೆ. ಸಣ್ಣ ಊರುಗಳ ಸಂಘಟಕರಿಗೆ ಇದರ ವೆಚ್ಚ ಭಾರವಾಗುತ್ತಿದೆ. ಎಲ್ಲರಿಗೂ ತೆರೆದಿರುವುದೇ ಈ ಸಂತೆಯ ಗುಣವಾದುದರಿಂದ, ಆ ಮುಕ್ತತೆಗೆ ಧಕ್ಕೆಯಾಗದಂತೆ ಜನರನ್ನು ರಕ್ಷಿಸುವುದು ನಗರಾಡಳಿತಗಳ ಮುಂದಿರುವ ಮುಖ್ಯ ಸವಾಲು.

ಮಾರುಕಟ್ಟೆ ಮುಗಿದ ನಂತರ

ಡಿಸೆಂಬರ್ 24ರ ಸಂಜೆಯೇ ಜರ್ಮನಿಯಲ್ಲಿ ಹಬ್ಬದ ಮುಖ್ಯ ಆಚರಣೆ. ಅಂದು ಅಂಗಡಿಗಳು ಮಧ್ಯಾಹ್ನದ ಹೊತ್ತಿಗೆ ಮುಚ್ಚುತ್ತವೆ. 25 ಮತ್ತು 26 ಸಾರ್ವಜನಿಕ ರಜಾದಿನಗಳು. ನಿನ್ನೆಯವರೆಗೆ ತುಂಬಿದ್ದ ಚೌಕಗಳು ಬರಿದಾಗಿ ಬೀದಿಗಳು ನಿಶ್ಶಬ್ದವಾಗುತ್ತವೆ. ಒಂಟಿಯಾಗಿರುವ ವಿದ್ಯಾರ್ಥಿಗಳಿಗೂ ಉದ್ಯೋಗಿಗಳಿಗೂ ಈ ಮೂರು ದಿನಗಳು ಕಠಿಣವಾಗಬಹುದು. ದಿನಸಿಯನ್ನು ಮೊದಲೇ ಕೊಂಡಿಟ್ಟುಕೊಳ್ಳುವುದು ಅಗತ್ಯ. ಚರ್ಚುಗಳ ಕ್ರಿಸ್ಮಸ್ ಆರಾಧನೆಗೆ ಯಾರು ಬೇಕಾದರೂ ಹೋಗಬಹುದು. ಒಂಟಿಯಾಗಿರುವವರಿಗಾಗಿ ಅನೇಕ ನಗರಗಳಲ್ಲಿ ಆ ರಾತ್ರಿ ಸಾಮೂಹಿಕ ಊಟವನ್ನು ಏರ್ಪಡಿಸಲಾಗುತ್ತದೆ. ಬರ್ಲಿನ್ ಮೊದಲಾದ ನಗರಗಳಲ್ಲಿ ಕೆಲವು ಮಾರುಕಟ್ಟೆಗಳು ಹಬ್ಬದ ಬಳಿಕ ಮತ್ತೆ ತೆರೆದು ಹೊಸ ವರ್ಷದ ಆರಂಭದವರೆಗೆ ಮುಂದುವರಿಯುತ್ತವೆ.